ಹಾಸು ಮುಗದೈತ್ರಿ, ಮುಂದ?

ಮೊನ್ನೆ ಬೆಳಿಗ್ಗೆ ಕುಕ್ಕರ್ ಎರಡನೇ ಸೀಟಿ ಹಾಕುವ ಹೊತ್ತಿಗೆ ಗದಗ ಪಕ್ಕದ ಬೆಟಗೇರಿಯಿಂದ, ನಾನು ಮಾರುವ ಶರ್ಟುಗಳಿಗೆ ಬಟ್ಟೆ ನೇಯುವ ಕಾಕಾ ಫೋನ್ ಮಾಡಿದರು. ಆರಾಮ ಇದ್ದೀರಾ, ಅಲ್ಲಿ ಮಳೆ ಹೆಂಗೈತಿ, ಹುಡುಗನ ಪರೀಕ್ಷೆ ಮುಗೀತಾ, ಎಲ್ಲ ಆಯಿತು. ಆಮೇಲೆ ಸ್ವಲ್ಪ ತಡೆದು ಕೇಳಿದರು: "ಹಾಸು ಮುಗದೈತ್ರಿ ಅಕ್ಕಾರ. ಮುಂದ?"

ಆರು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಈ ಪ್ರಶ್ನೆ ಬರುತ್ತದೆ. ಮಧ್ಯೆ ಒಂದು ವರ್ಷ ಬಂದಿರಲಿಲ್ಲ. ಆ ವರ್ಷದ ಕತೆ ಆಮೇಲೆ ಹೇಳುತ್ತೇನೆ.

ಮಗ್ಗ ನೋಡದವರಿಗೆ ಒಂದು ಮಾತು. ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಎಳೆಗಳು ಹಾಸು. ಲಾಳಿಯಲ್ಲಿ ಕೂತು ಅಡ್ಡಡ್ಡ ಓಡುವುದು ಹೊಕ್ಕು. ಮಾತು ಮಾತಿಗೆ ಹಾಸುಹೊಕ್ಕು ಅನ್ನುವ ನಮ್ಮಲ್ಲಿ ಎಷ್ಟೋ ಜನಕ್ಕೆ ಯಾವುದು ಹಾಸು, ಯಾವುದು ಹೊಕ್ಕು ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ, ಹನ್ನೊಂದು ವರ್ಷ ಬಟ್ಟೆ ವ್ಯಾಪಾರದಲ್ಲೇ ಇದ್ದರೂ. ಕಾಕಾ ಮಗ್ಗಕ್ಕೆ ಒಂದು ಸಲ ಏರಿಸುವ ಹಾಸು 60 ಮೀಟರ್ ಉದ್ದ. 46 ಇಂಚು ಪನ್ನ, ಅಂದರೆ ಅಗಲ, ಇಂಚಿಗೆ 60 ಎಳೆ. ಅಂದರೆ ಒಟ್ಟು 2,760 ಎಳೆ. ದಿನಕ್ಕೆ ಐದು ಮೀಟರ್ ನೇಯ್ದರೆ ಹನ್ನೆರಡು ದಿನ, ಹೊಸ ಹಾಸು ಕೂಡಿಸುವುದಕ್ಕೆ ಇನ್ನೆರಡು ದಿನ. ಅಷ್ಟು ಬಟ್ಟೆಯಲ್ಲಿ 26 ಶರ್ಟ್ ಆಗುತ್ತದೆ.

ಹದಿನಾಲ್ಕು ದಿನಕ್ಕೆ ಇಪ್ಪತ್ತಾರು ಶರ್ಟ್. ನಾನು ಮೊದಲು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಅಷ್ಟು ಶರ್ಟು ಬೆಳಗಿನ ಚಹಾಕ್ಕೆ ಮುಂಚೆ ಹೊಲಿದು ಮುಗಿಸುತ್ತಿದ್ದರು.

ಅದು ಬೆಂಗಳೂರಿನ ಒಂದು ರಫ್ತು ಗಾರ್ಮೆಂಟ್ಸ್ ಕಂಪನಿ. ನಾನು ಮರ್ಚಂಡೈಸರ್. ಹೆಸರು ದೊಡ್ಡದು, ಕೆಲಸ ಮಾತ್ರ ಚೌಕಾಸಿ. ಹೊರದೇಶದ ಕೊಳ್ಳುವವರು ಮತ್ತು ನಮ್ಮ ಕಾರ್ಖಾನೆ ನಡುವೆ ಕೂತು ಪೈಸೆ ಪೈಸೆ ಹಿಂಡುವುದು. ಕಾಲರ್ ಒಳಗಿನ ಪಟ್ಟಿ ಬದಲಿಸಿದರೆ ಎಷ್ಟು ಉಳಿಯುತ್ತದೆ, ಇನ್ನೊಂದು ಗುಂಡಿ ತೆಗೆದರೆ ಎಷ್ಟು, ಇದೇ ದಿನವಿಡೀ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾನಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸದವರು. ಮುಂದಿನ ವಾರ ನಮಗೆ ಒಬ್ಬ ಕೊಳ್ಳುವವರಿಂದ ಎರಡು ಮೇಲ್ ಬಂತು. ಒಂದರಲ್ಲಿ ನಿಮ್ಮ ಕಟ್ಟಡ ಗಟ್ಟಿ ಇದೆಯಾ, ಸರ್ಟಿಫಿಕೇಟ್ ಕಳಿಸಿ ಅಂತ. ಇನ್ನೊಂದರಲ್ಲಿ ಮುಂದಿನ ಸೀಸನ್‌ಗೆ ರೇಟು ಇಳಿಸಿ ಅಂತ. ಎರಡಕ್ಕೂ ನಾನೇ ಉತ್ತರ ಬರೆದೆ. ಎರಡಕ್ಕೂ ಆಗಲಿ ಅಂತಲೇ ಬರೆದೆ.

2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿತೆಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬಹುದು. ಎರಡು ದಿನ ಹೊಸೂರು ರಸ್ತೆ ನಿಂತೇ ಹೋಗಿತ್ತು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ನಮ್ಮ ಫ್ಲೋರಿನಲ್ಲಿ ಕಾಲರ್ ಕೂಡಿಸುತ್ತಿದ್ದ ಹೆಂಗಸೊಬ್ಬರು ಮಾರನೇ ದಿನ ಬಂದು, ಏನೂ ಆಗೇ ಇಲ್ಲವೆಂಬಂತೆ ಮಷೀನ್ ಮುಂದೆ ಕೂತರು. ಹೊಲಿಗೆ ಯಂತ್ರದ ಮೇಲಿನ ದಿನದ ಟಾರ್ಗೆಟ್ ಬೋರ್ಡಿನಲ್ಲಿ ಎರಡು ದಿನದ ಬಾಕಿಯನ್ನೂ ಸೇರಿಸಿ ಬರೆದಿದ್ದರು. ಅವತ್ತು ಕೆಲಸ ಬಿಟ್ಟೆ ಅಂತ ಬರೆದರೆ ಚೆನ್ನಾಗಿರುತ್ತದೆ. ಬಿಡಲಿಲ್ಲ. ಇನ್ನೂ ಮೂರು ವರ್ಷ ಪೂರ್ತಿ ಕೆಲಸದಲ್ಲೇ ಇದ್ದೆ, ಮನೆ ಸಾಲ ಇತ್ತು.

2019ರಲ್ಲಿ ಮೂರೂವರೆ ಲಕ್ಷ ಉಳಿತಾಯ ಇಟ್ಟುಕೊಂಡು ನನ್ನದೇ ಪುಟ್ಟ ಬ್ರ್ಯಾಂಡ್ ಶುರು ಮಾಡಿದೆ. ಹೆಸರು ಇಲ್ಲಿ ಬರೆಯುವುದಿಲ್ಲ, ಜಾಹೀರಾತು ಆಗಿಬಿಡುತ್ತದೆ. ಕಂಪನಿಯ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಂಡೆ, ಪೂರ್ತಿ ಬಿಡುವ ಧೈರ್ಯ ಇರಲಿಲ್ಲ. ಗೆಳತಿಯರು ಕೇಳಿದರೆ "ಪ್ಯಾಷನ್ ಪ್ರಾಜೆಕ್ಟ್" ಅನ್ನುತ್ತಿದ್ದೆ. ಆ ಮಾತು ಹೇಳುವಾಗ ಒಂದು ಥರಾ ಖುಷಿ ಆಗುತ್ತಿತ್ತು. ಗೆದ್ದರೆ ನಮ್ಮ ಹಿರಿಮೆ, ಸೋತರೆ ಸುಮ್ನೆ ಹವ್ಯಾಸಕ್ಕೆ ಮಾಡಿದ್ದು ಅನ್ನಬಹುದು. ಎರಡೂ ಕಡೆ ಲಾಭ, ಅಲ್ವಾ?

ಮೊದಲ ಹುಚ್ಚು ಹತ್ತಿಯದು. ನಮ್ಮೂರು ಗದಗ ಕಡೆ. ಅಪ್ಪ ಡಿಸಿಎಚ್-32 ಬೆಳೆಯುತ್ತಿದ್ದರು. ಊರಲ್ಲಿ ಅದಕ್ಕೆ ಜಯಲಕ್ಷ್ಮಿ ಅನ್ನುತ್ತಾರೆ, ಧಾರವಾಡದಲ್ಲಿ ಹುಟ್ಟಿದ ಉದ್ದ ಎಳೆಯ ತಳಿ. ಅದಕ್ಕೂ ಮೊದಲು, 1972ರಲ್ಲಿ, ಅದೇ ಧಾರವಾಡದಿಂದ ಬಿ.ಎಚ್. ಕಟರ್ಕಿ ಅವರ ವರಲಕ್ಷ್ಮಿ ಬಂದಿತ್ತು. ಅಜ್ಜ ಮಾತ್ರ ಕೊನೆಯವರೆಗೂ ಜಯಧರದ ಮಾತೇ ಆಡುತ್ತಿದ್ದರು. ಜಯಧರ ಅಂದರೆ ನಮ್ಮ ಎರೆಹೊಲದ ದೇಸಿ ಹತ್ತಿ. ನೀರು ಬೇಡ, ಔಷಧ ಅಷ್ಟಾಗಿ ಬೇಡ, ನೆಲದಲ್ಲಿ ಉಳಿದ ಹಸಿಯಲ್ಲೇ ಬೆಳೆಯುತ್ತದೆ. ಹಿಂದೆ ಈ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದಕ್ಕೇ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಒಂದು ಗಿಡ ಹತ್ತಿಯೂ ಬೆಳೆಯದ ಕುಮಟಾಕ್ಕೆ ಹೆಸರು ಸಿಕ್ಕಿತು, ಬೆಳೆದ ಹೊಲಕ್ಕೆ ಸಿಗಲಿಲ್ಲ.

ಜಯಧರದಲ್ಲೇ ಶರ್ಟ್ ಮಾಡುತ್ತೇನೆ ಅಂತ ಹೊರಟೆ. ಹೊಲದಿಂದ ಹೆಗಲಿಗೆ ಎಂಬ ಸಾಲನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೂರು ತಿಂಗಳು ಓಡಾಡಿದ ಮೇಲೆ ಗೊತ್ತಾಯಿತು, ಈ ಹತ್ತಿಯ ಎಳೆ ಗಿಡ್ಡ. ಸಣ್ಣ ನೂಲು ಬರುವುದಿಲ್ಲ, ಒರಟು ನೂಲೇ. ಇವತ್ತಿನ ಗಿರಣಿಗಳೆಲ್ಲ ಉದ್ದ ಎಳೆಗೆ ಹೊಂದಿಸಿಕೊಂಡು ಕೂತಿವೆ. ನನ್ನ ಎರಡು ಚೀಲ ಅರಳೆಗಾಗಿ ಯಾರೂ ಯಂತ್ರ ಬದಲಿಸುವುದಿಲ್ಲ. ಕೈಯಲ್ಲಿ ನೂಲಿಸಬೇಕು, ಇಲ್ಲ ಬಿಡಬೇಕು. ಅದರ ಕಾಯಿಯೂ ಪೂರ್ತಿ ಬಾಯಿ ಬಿಡುವುದಿಲ್ಲ, ಅರ್ಧ ಮುಚ್ಚಿಕೊಂಡೇ ಇರುತ್ತದೆ. ಬಿಡಿಸುವವರ ಬೆರಳಿಗೆ ಕೆಲಸ ಜಾಸ್ತಿ, ಕೂಲಿ ಅಷ್ಟೇ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ರೈತರು ಅತ್ತ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಬೈಯುವುದು ಸುಲಭ. ನಮ್ಮಪ್ಪನೂ ಹೋಗಿದ್ದರು. ಆ ಹಣದಲ್ಲೇ ನನ್ನ ಡಿಗ್ರಿ ಆಯಿತು.

ಕೊನೆಗೆ ಗಿರಣಿಯ ಸಾವಯವ ಹತ್ತಿ ನೂಲಿಗೆ ಒಪ್ಪಿಕೊಂಡೆ. ಅದು ಬರುವುದು ತಮಿಳುನಾಡಿನಿಂದ, ಲಡಿ ಲಡಿಯಾಗಿ, ಅಂದರೆ ನೂಲಿನ ಸುರುಳಿಗಳಾಗಿ. ಹೊಲದಿಂದ ಹೆಗಲಿಗೆ ಎಂಬ ಸಾಲನ್ನು ಹೊಡೆದು ಹಾಕಿದೆ. ಜಯಧರದ ಕೈನೂಲಿನಲ್ಲಿ ಒಟ್ಟು ಹನ್ನೊಂದು ಶಾಲು ಮಾಡಿಸಿದೆ. ಒಂದು ನನ್ನ ಹತ್ತಿರ ಇದೆ, ಉಳಿದದ್ದು ಎಲ್ಲೆಲ್ಲೋ ಹೋದವು.

ಕಾಕಾ ಸಿಕ್ಕಿದ್ದು ಹೀಗೇ ಯಾರೋ ಯಾರಿಗೋ ಹೇಳಿ. ಬೆಟಗೇರಿಯ ಒಂದು ಓಣಿ. ಮನೆಯ ಪಡಸಾಲೆಯಲ್ಲೇ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅವರು ಕೂರುತ್ತಾರೆ. ಕಾಲ ಕೆಳಗೆ ತುಳಿಯುವ ಹಲಗೆ, ಕೈಯಲ್ಲಿ ಲಾಳಿಯ ಹಗ್ಗ. ಪಕ್ಕದಲ್ಲಿ ಕಾಕಿ ರಾಟಿಯಲ್ಲಿ ಕಂಡಿಕೆ ಸುತ್ತುತ್ತಾರೆ. ಲಾಳಿಯೊಳಗೆ ಕೂರುವ ಬೆರಳುದ್ದದ ನೂಲಿನ ಸುತ್ತು ಅದು. ಕಾಕಾ ಒಂದು ಕಂಡಿಕೆ ಖಾಲಿ ಮಾಡುವಷ್ಟರಲ್ಲಿ ಕಾಕಿ ಇನ್ನೊಂದು ಸುತ್ತಿ ಇಟ್ಟಿರುತ್ತಾರೆ. ನಡುವೆ ಎದ್ದು ರೊಟ್ಟಿ ಬಡಿಯುತ್ತಾರೆ, ಮತ್ತೆ ಬಂದು ಸುತ್ತುತ್ತಾರೆ. ಈ ಕಂಡಿಕೆಯ ಲೆಕ್ಕ ನೆನಪಿಟ್ಟುಕೊಳ್ಳಿ.

ಮೊದಲ ಮಾಲಿನಲ್ಲಿ ನಾನು ಮಾಡಿದ್ದು ಹೇಳಿದರೆ ನನ್ನ ಹಳೆ ಕಂಪನಿಯವರು ನಗುತ್ತಾರೆ. ಹನ್ನೊಂದು ವರ್ಷ ಬೇರೆಯವರ ಬಟ್ಟೆಯನ್ನು ಒಗೆದು, ಅಳೆದು, ಉಜ್ಜಿ ಪರೀಕ್ಷೆ ಮಾಡಿಸಿದವಳು ನನ್ನ ಬಟ್ಟೆ ಕೈಗೆ ಬಂದಾಗ ವಾಸನೆ ನೋಡಿ, ಕೆನ್ನೆಗೆ ಒತ್ತಿಕೊಂಡು, ನೇರ ಟೈಲರ್ ಹತ್ತಿರ ಕಳಿಸಿದೆ. ಮಗ್ಗದಿಂದ ಇಳಿದ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಎಳೆ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಮೊದಲು ನೆನೆಸಿ, ಒಗೆದು, ಒಣಗಿಸಿ, ಆಮೇಲೆ ಕತ್ತರಿ ಹಾಕಬೇಕು. ಇದು ಗೊತ್ತಿಲ್ಲದ ವಿಷಯವಲ್ಲ. 26 ಶರ್ಟಿನಲ್ಲಿ 19 ಮಾರಾಟವಾದವು. ಒಂದು ಒಗೆತಕ್ಕೆ ತೋಳು ಒಂದೂವರೆ ಇಂಚು ಮೇಲಕ್ಕೆ ಹೋಯಿತು. ಒಬ್ಬರು ಫೋಟೋ ಕಳಿಸಿದರು, ಪಾಪ, ಗಂಡ ಎರಡೂ ಕೈ ಮುಂದೆ ಚಾಚಿ ನಿಂತಿದ್ದಾರೆ, ಮಣಿಕಟ್ಟು ಪೂರ್ತಿ ಹೊರಗೆ. ಕೆಳಗೆ ಒಂದೇ ಸಾಲು: "ಮಗನಿಗೆ ಸರಿಯಾಗುತ್ತೆ, ಥ್ಯಾಂಕ್ಸ್." ಹದಿನೇಳು ಜನಕ್ಕೆ ಹಣ ವಾಪಸ್ ಕೊಟ್ಟೆ. ಇಬ್ಬರು ಬೇಡ ಅಂದರು.

ಎರಡನೆಯದು ಬಣ್ಣ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸಕ್ಕೆ ಚೊಗರು ಅನ್ನುತ್ತಾರೆ. ಹತ್ತಿಗೆ ಅದು ಚಂದದ ಇಟ್ಟಿಗೆಗೆಂಪು ಕೊಡುತ್ತದೆ. ಬಟ್ಟೆಗೆ ಮೊದಲು ಅಳಲೆಕಾಯಿ, ಪಟಿಕದ ನೀರು ಕುಡಿಸಿ, ಆಮೇಲೆ ಚೊಗರಿನಲ್ಲಿ ಕುದಿಸಬೇಕು. ಸಾಗರದಿಂದ ಚೊಗರು ತರಿಸಿ, ನಮ್ಮ ಮನೆ ತಾರಸಿಯಲ್ಲಿ ನಾನೇ ಮಾಡುತ್ತೇನೆ ಅಂತ ನಿಂತೆ. ದೊಡ್ಡ ಪಾತ್ರೆ ಇರಲಿಲ್ಲ. ಪಕ್ಕದ ಬೀದಿಯ ಅಡುಗೆಯವರ ಹತ್ತಿರ ಕಬ್ಬಿಣದ ಕಡಾಯಿ ಬಾಡಿಗೆಗೆ ತಂದೆ. ಅರ್ಧ ಗಂಟೆಯಲ್ಲಿ ಕೆಂಪು ಮಂಕಾಯಿತು. ಒಂದು ಗಂಟೆಯಲ್ಲಿ ಬೂದಿ. ಎತ್ತಿ ನೋಡಿದರೆ ಒಲೆ ಸಾರಿಸಿದ ಅರಿವೆಯ ಬಣ್ಣ. ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಕಪ್ಪು. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಹಾಕಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ನಾನು 40 ಮೀಟರ್ ಬಟ್ಟೆಯನ್ನು ಶಾಯಿಯಲ್ಲಿ ಕುದಿಸಿದ್ದೆ.

ಆ ಬಟ್ಟೆಯ ಕುರ್ತಾಗಳಿಗೆ "ಮುಂಗಾರು ಮೋಡ" ಅಂತ ಹೆಸರಿಟ್ಟು ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ನಾಲ್ಕೇ ದಿನದಲ್ಲಿ ಖಾಲಿ. ಇಂಥದ್ದೇ ಮತ್ತೆ ಬೇಕು ಅಂತ ಇವತ್ತಿಗೂ ಕೇಳುತ್ತಾರೆ. ನನಗೆ ಖುಷಿಗಿಂತ ಜಾಸ್ತಿ ಆದದ್ದು ಮುಜುಗರ. ಎಳೆಯಲ್ಲಿ ಸಣ್ಣ ಗಂಟು, ಅಂಚು ಕೂದಲೆಳೆಯಷ್ಟು ಹೆಚ್ಚು ಕಡಿಮೆ, ಇವು ಕೈಮಗ್ಗದಲ್ಲಿ ಇದ್ದೇ ಇರುತ್ತವೆ. ಅದು ಕೈ. ಆದರೆ ಬಣ್ಣ ಬಿಡುವುದು, ಹೊಲಿಗೆ ಬಿಚ್ಚುವುದು, ತೋಳು ಗಿಡ್ಡವಾಗುವುದು ಕೈಮಗ್ಗದ ಸೊಗಸಲ್ಲ, ಬೇಜವಾಬ್ದಾರಿ. ನಮ್ಮಂಥ ಸಣ್ಣ ಬ್ರ್ಯಾಂಡುಗಳು ತಮ್ಮ ತಪ್ಪನ್ನೆಲ್ಲ ನೇಕಾರರ ಕೈಗುಣದ ಹೆಸರಲ್ಲಿ ಮಾರುತ್ತವೆ. ಕಾಕಾ ಆ ಕುರ್ತಾ ನೋಡಿದಾಗ ಹೇಳಿದ್ದು ಇಷ್ಟೇ: "ಇದು ನಾ ನೇದಿದ್ದ ಬಟ್ಟೆ ಅಂತ ಯಾರಿಗೂ ಹೇಳಬ್ಯಾಡ್ರಿ."

ಈಗ ದುಡ್ಡಿನ ವಿಷಯ. ಈ ಥರದ ಬರಹಗಳಲ್ಲಿ ಎಲ್ಲರೂ ಹಾರಿಸಿ ಹೋಗುವ ಜಾಗ ಇದು, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಒಂದು ತುಂಬುತೋಳಿನ ಶರ್ಟಿಗೆ ಎರಡೂಕಾಲು ಮೀಟರ್ ಬಟ್ಟೆ. ನೂಲು, ಬಣ್ಣ, ನೇಯ್ಗೆ, ಒಗೆತ ಎಲ್ಲ ಸೇರಿ ಮೀಟರಿಗೆ 260 ರೂ. ಅಂದರೆ 585. ಹೊಲಿಗೆ 260. ಕತ್ತರಿ, ಇಸ್ತ್ರಿ 40. ತೆಂಗಿನ ಚಿಪ್ಪಿನ ಗುಂಡಿ 35. ಲೇಬಲ್, ದಾರ 20. ಕೆಟ್ಟದ್ದು, ವಾಪಸ್ ಬಂದದ್ದಕ್ಕೆ ಅಂತ 60. ಒಟ್ಟು ಒಂದು ಸಾವಿರ. ನಾನು 1,650ಕ್ಕೆ ಮಾರುತ್ತಿದ್ದೆ. ಆಗ ಸಾವಿರ ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 12. ತೆರಿಗೆ ಕಳೆದರೆ ಕೈಗೆ 1,473. ಕೊರಿಯರ್, ಕವರ್ 90. ಉಳಿದದ್ದು 383. ಇನ್‌ಪುಟ್ ಕ್ರೆಡಿಟ್ಟು, ಅದೂ ಇದೂ ಬಿಟ್ಟು ಸರಳ ಮಾಡಿ ಹೇಳುತ್ತಿದ್ದೇನೆ, ಸಿಎ ಓದುಗರು ಕ್ಷಮಿಸಬೇಕು.

ತಿಂಗಳಿಗೆ ಎರಡು ಹಾಸು, 52 ಶರ್ಟು. ಒಂದೂ ಉಳಿಯದೆ ಮಾರಾಟವಾದರೆ ಇಪ್ಪತ್ತು ಸಾವಿರದ ಒಳಗೆ. ಅದರಲ್ಲೇ ಫೋಟೋ, ವೆಬ್‌ಸೈಟು, ಪ್ರಯಾಣ. ಅಂಗಡಿಯಲ್ಲಿಟ್ಟು ಮಾರೋಣ ಅಂದರೆ ಅವರು ಕೇಳಿದ್ದು ಮಾರುವ ಬೆಲೆಯ ಶೇ. 40. ಲೆಕ್ಕ ಹಾಕಿದೆ: ಶರ್ಟಿಗೆ ಇನ್ನೂರು ರೂಪಾಯಿ ಹತ್ತಿರ ನಾನೇ ಕೈಯಿಂದ ಕೊಡಬೇಕು. ಬೇಡ ಅಂದೆ.

ಆದರೆ ನನ್ನನ್ನು ಕುಟುಕಿದ ಸಂಖ್ಯೆ ಇದ್ಯಾವುದೂ ಅಲ್ಲ. ನೇಯ್ಗೆಗೆ ಮೀಟರಿಗೆ 75 ರೂ. ಕೊಡುತ್ತಿದ್ದೆ. ಓಣಿಯ ರೇಟಿಗಿಂತ ಜಾಸ್ತಿ ಅಂತ ನನಗೆ ಹೆಮ್ಮೆಯೂ ಇತ್ತು. ಎರಡೂಕಾಲು ಮೀಟರಿಗೆ 169. ಒಂದು ಸಾವಿರದ ಆರುನೂರ ಐವತ್ತು ರೂಪಾಯಿಯ ಶರ್ಟಿನಲ್ಲಿ, "ನೇಕಾರರ ಘನತೆಗಾಗಿ" ಅಂತ ಲೇಬಲ್ ಇರುವ ಶರ್ಟಿನಲ್ಲಿ, ನೇಕಾರರಿಗೆ 169. ಒಂದು ಹಾಸು ನೇಯ್ದರೆ 4,500. ಹದಿನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 321. ಅದೂ ಇಬ್ಬರಿಗೆ. ಕಾಕಿಯ ಕಂಡಿಕೆಗೆ ನನ್ನ ಪಟ್ಟಿಯಲ್ಲಿ ಸಾಲೇ ಇರಲಿಲ್ಲ. ಹನ್ನೊಂದು ವರ್ಷ ಗುಂಡಿಯ ಪೈಸೆ ಲೆಕ್ಕ ಹಾಕಿದ ಎಕ್ಸೆಲ್ ಶೀಟು ಅದು. ನಾನು ಫೈಲಿನ ಹೆಸರು ಬದಲಿಸಿದ್ದೆ ಅಷ್ಟೇ.

ಸುಸ್ಥಿರ ಅನ್ನುವ ಪದ ಕಾಕಾ ಅವರ ಓಣಿಯಲ್ಲಿ ಯಾರ ಬಾಯಲ್ಲೂ ಇಲ್ಲ. ಅದು ಸರ್ಕಾರಿ ಕಾಗದದ ಪದ. ಕಾಕಾ ಹೇಳುವುದು ಬಾಳಿಕೆ. "ಈ ಬಟ್ಟೆ ಬಾಳಿಕಿ ಬರ್ತದ ನೋಡ್ರಿ, ಹತ್ತು ವರ್ಸಕ್ಕೂ ಏನಾಗೂದಿಲ್ಲ." ಒಂದು ಸಲ ಹೀಗೆ ಹೇಳಿ, ತಾವೇ ನಕ್ಕು, "ಹತ್ತು ವರ್ಸ ಬಾಳಿಕಿ ಬಂದ್ರ ಗಿರಾಕಿ ಮತ್ತ ಯಾವಾಗ ಬರ್ತಾರ್ರಿ ಅಕ್ಕಾರ?" ಅಂದರು. ಬಟ್ಟೆ ಜಾಸ್ತಿ ಕೊಳ್ಳಬೇಡಿ ಅಂತ ಹೇಳುತ್ತಲೇ ಬಟ್ಟೆ ಮಾರುವ ನಮ್ಮಂಥವರಿಗೆ ಇದಕ್ಕೆ ಉತ್ತರ ಇಲ್ಲ. ಹಬ್ಬಕ್ಕೊಂದು ಹೊಸ ಕಲೆಕ್ಷನ್ ಬಿಡುವಾಗೆಲ್ಲ ಅವರ ನಗು ಕಿವಿಯಲ್ಲಿ ಕೇಳುತ್ತದೆ. ಬಿಡುತ್ತೇನೆ, ಆದರೂ.

2020ರ ಮಾರ್ಚ್ ಬಂತು. ಲಾಕ್‌ಡೌನ್. ಕೊರಿಯರ್ ಇಲ್ಲ, ಗಿರಾಕಿ ಇಲ್ಲ. ಮನೆಯಲ್ಲಿ 70 ಶರ್ಟು. ಏಪ್ರಿಲ್‌ನಲ್ಲಿ ನಾನು ಒಂದು ಚಂದದ ಪೋಸ್ಟ್ ಬರೆದೆ. ಸ್ವಲ್ಪ ದಿನ ವಿರಾಮ, ಉಸಿರಾಡೋಣ, ನಿಧಾನವಾಗೋಣ ಅಂತ. ತುಂಬಾ ಜನ ಹೃದಯದ ಗುರುತು ಒತ್ತಿದರು. ಕಾಕಾಗೆ ಫೋನ್ ಮಾಡಿ, ಎಲ್ಲ ಸರಿಹೋದ ಮೇಲೆ ನೋಡೋಣ ಅಂದೆ. "ಆತ್ರಿ" ಅಂದರು. ಐದು ಸಾವಿರ ಕಳಿಸಿದೆ. ನನ್ನ ಅರ್ಧ ಸಂಬಳ ಬರುತ್ತಲೇ ಇತ್ತು.

ಹತ್ತು ತಿಂಗಳು ಆ ಕಡೆ ಹೋಗಲಿಲ್ಲ. 2021ರ ಜನವರಿಯಲ್ಲಿ ಊರಿಗೆ ಹೋದಾಗ ಬೆಟಗೇರಿಗೆ ಹೋದೆ. ಪಡಸಾಲೆ ದೊಡ್ಡದಾಗಿ ಕಂಡಿತು. ಯಾಕೆ ಅಂತ ತಕ್ಷಣ ಹೊಳೆಯಲಿಲ್ಲ. ಒಂದು ಮಗ್ಗ ಇರಲಿಲ್ಲ. ಅದರ ಕುಣಿಗೆ ಹಲಗೆ ಹಾಕಿ, ಮೇಲೆ ಎರಡು ಚೀಲ ಜೋಳ ಇಟ್ಟಿದ್ದರು. ಮಗ್ಗದ ಕಟ್ಟಿಗೆ ಬಿಚ್ಚಿ ಅಟ್ಟಕ್ಕೆ ಏರಿಸಿದ್ದರು. ಕಾಕಾ ಎಪಿಎಂಸಿಯಲ್ಲಿ ಚೀಲ ಹೊರಲು ಹೋಗಿದ್ದರು. ಸಂಜೆ ಬಂದರು. ಅಂಗೈ ತೋರಿಸಿದರು. ಎಳೆ ಹಿಡಿಯುವ ಬೆರಳ ತುದಿ ದಪ್ಪಗಾಗಿತ್ತು. "ಎಳಿ ಸಿಗೂದಿಲ್ರಿ ಈಗ ಕೈಗೆ" ಅಂದರು. ದೂರಲಿಲ್ಲ. ಚಹಾ ಕೊಟ್ಟರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಆ ಪೋಸ್ಟನ್ನು ಮತ್ತೆ ಓದಿದೆ. ವಿರಾಮ, ಉಸಿರು, ನಿಧಾನ. ಎಲ್ಲ ನನ್ನ ಕಡೆಯ ಮಾತು. ಪ್ಯಾಷನ್ ನನ್ನದು. ಬೇಸರವಾದರೆ ಮಡಚಿ ಇಡಬಹುದು. ಆದರೆ ಮಗ್ಗ ಏರಿದ ದಿನದಿಂದ ಅದು ಇನ್ನೊಂದು ಮನೆಯ ಜೋಳ, ಎಣ್ಣೆ, ಔಷಧಿ. ಆ ಮನೆಯವರು ಯಾರ ಪ್ಯಾಷನ್ನಿಗೂ ನೇಯುತ್ತಿಲ್ಲ.

ಇದನ್ನು ಸರಿಯಾಗಿ ಮಾಡಿದವರು ನಮ್ಮಲ್ಲಿ ಇಲ್ಲದೆ ಇಲ್ಲ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 1996ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಚರಕ ಶುರುವಾಯಿತು. ಅದು ಹೆಣ್ಣುಮಕ್ಕಳ ಸಹಕಾರ ಸಂಘ. ನೇಯುವವರು, ಬಣ್ಣ ಹಾಕುವವರು, ಹೊಲಿಯುವವರೇ ಸದಸ್ಯರು. ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿ ವಿರುದ್ಧ 2017ರಲ್ಲಿ ಪ್ರಸನ್ನ ಉಪವಾಸ ಕೂತಿದ್ದರು. ಅಂಥ ಚರಕವೂ 2020ರಲ್ಲಿ ದೊಡ್ಡ ಆರ್ಥಿಕ ಬಿಕ್ಕಟ್ಟಿಗೆ ಸಿಕ್ಕಿತು. ಇಪ್ಪತ್ತು ವರ್ಷ ದಾಟಿದ ಸಂಸ್ಥೆಗೇ ಹೀಗಾದರೆ ನಂದೇನು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ವ್ಯತ್ಯಾಸ ಇದೆ. ಅಲ್ಲಿ ಕಷ್ಟ ಬಂದರೆ ಮುಂದೇನು ಅಂತ ಎಲ್ಲರೂ ಕೂತು ಮಾತಾಡುವ ಜಗಲಿ ಇದೆ. ನಮ್ಮಲ್ಲಿ ನಾನು ಪೋಸ್ಟ್ ಹಾಕಿದೆ, ಅವರು ಆತ್ರಿ ಅಂದರು.

ಆಮೇಲೆ ಬದಲಿಸಿದ್ದು ದೊಡ್ಡದೇನಲ್ಲ. ಮೊದಲು, ಆಷಾಢದ ಆರ್ಡರ್. ಗಿರಾಕಿ ಬರುವುದು ಗಣಪತಿ ಹಬ್ಬದಿಂದ ದೀಪಾವಳಿವರೆಗೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಏನೂ ಇಲ್ಲ. ಮೊದಲೆಲ್ಲ ನಾನು ಆಗ ಸುಮ್ಮನಿರುತ್ತಿದ್ದೆ. ಈಗ ಆ ನಾಲ್ಕು ತಿಂಗಳಿಗೂ ಬೇಕಾಗುವ ಹಾಸಿನ ನೂಲು ಮೊದಲೇ ಕೊಡುತ್ತೇನೆ. ಹಣ ಕಟ್ಟಿಹಾಕಿದಂತೆ ಆಗುತ್ತದೆ, ಮನೆಯ ಒಂದು ರೂಮು ಥಾನುಗಳಿಂದ ತುಂಬುತ್ತದೆ, ಗಂಡ ಗೊಣಗುತ್ತಾರೆ. ಮಳೆಗಾಲದಲ್ಲಿ ಕುಣಿಗೆ ತೇವ ಬರುತ್ತದೆ, ದಿನಕ್ಕೆ ಐದರ ಬದಲು ಮೂರು ಮೀಟರ್ ಆಗುತ್ತದೆ. ಆಗಲಿ. ಬಣ್ಣವನ್ನು ನಾನು ಹಾಕುವುದಿಲ್ಲ, ಬಲ್ಲವರಿಗೆ ಕೊಡುತ್ತೇನೆ.

ಎರಡನೆಯದು ಕೂಲಿ. ಇದನ್ನು ವರ್ಷಗಟ್ಟಲೆ ಮುಂದಕ್ಕೆ ಹಾಕಿದೆ, ಒಪ್ಪಿಕೊಳ್ಳುತ್ತೇನೆ. ಬೆಲೆ ಏರಿಸಿದರೆ ಗಿರಾಕಿ ಓಡುತ್ತಾರೆ ಅನ್ನುವ ಭಯ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದನ್ನು ದಾಟಿದರೆ ಶೇ. 18. ನನ್ನ ಶರ್ಟು ಶೇ. 5ಕ್ಕೆ ಇಳಿಯಿತು. ಅದೇ 1,650ಕ್ಕೆ ಮಾರಿದರೆ ಕೈಗೆ ಬರುವುದು 1,571. ಅಂದರೆ 98 ರೂಪಾಯಿ ಜಾಸ್ತಿ. ಬೆಲೆ ಇಳಿಸಬೇಕು, ಗಿರಾಕಿಗೆ ಹೋಗಬೇಕು ಆ ಹಣ ಅಂತ ಒಬ್ಬ ಗೆಳತಿ ವಾದ ಮಾಡಿದಳು. ಅವಳ ಮಾತು ನ್ಯಾಯದ್ದೇ. ನಾನು ಗಿರಾಕಿಗಳಿಗೆಲ್ಲ ಒಂದು ಕಾಗದ ಬರೆದೆ. ಬೆಲೆ ಇಳಿಸುತ್ತಿಲ್ಲ, ಈ 98 ರೂಪಾಯಿ ಮಗ್ಗಕ್ಕೆ ಹೋಗುತ್ತದೆ, ಒಪ್ಪದವರು ಕೇಳಿದರೆ 98 ಕಡಿಮೆ ಮಾಡಿ ಕೊಡುತ್ತೇನೆ ಅಂತ. ಇಲ್ಲಿವರೆಗೆ ಮೂವರು ಕೇಳಿದ್ದಾರೆ. ಕೊಟ್ಟಿದ್ದೇನೆ.

ಈಗ ನೇಯ್ಗೆಗೆ ಮೀಟರಿಗೆ 110. ಕಂಡಿಕೆಗೆ ಬೇರೆ 10, ಕಾಕಿಯ ಖಾತೆಗೆ. ಮೊದಲ ಸಲ 600 ರೂಪಾಯಿ ಬಿದ್ದಾಗ ಕಾಕಿ ಫೋನ್ ಮಾಡಿ, ತಪ್ಪಿ ಬಂದೈತೇನ್ರಿ ಅಂತ ಕೇಳಿದರು. ಕಂಡಿಕೆಯದು ಅಂದೆ. "ಅದಕ್ಕೂ ರೊಕ್ಕಾ?" ಅಂತ ಆ ಕಡೆ ಯಾರಿಗೋ ಹೇಳಿದ್ದು ಕೇಳಿಸಿತು. ಒಂದು ಹಾಸಿನ ಕೂಲಿ ಈಗ ಒಟ್ಟು 7,200. ದಿನಕ್ಕೆ 514, ಇಬ್ಬರಿಗೆ. ಇದು ಸಾಲದು. ಅಟ್ಟದ ಮಗ್ಗ ಇನ್ನೂ ಅಟ್ಟದಲ್ಲೇ ಇದೆ.

ಕತ್ತರಿಸಿ ಉಳಿದ ತುಂಡುಗಳ ಕತೆ ಕೇಳುತ್ತಾರೆ ಎಲ್ಲರೂ. ಅಮ್ಮನಿಗೆ ಕಳಿಸುತ್ತೇನೆ, ಅವಳು ಕೌದಿ ಹೊಲಿಯುತ್ತಾಳೆ. ಅಜ್ಜಿಯ ಕಾಲದಲ್ಲಿ ಸೀರೆ ಹರಿದರೆ ಪರಕಾರ, ಪರಕಾರ ಹರಿದರೆ ಕೌದಿ, ಕೌದಿಯೂ ಹರಿದರೆ ಒಲೆ ಮೇಲಿನ ಪಾತ್ರೆ ಹಿಡಿಯುವ ಅರಿವೆ. ಇದನ್ನು ಹೇಳಿ ಬೆಂಗಳೂರಿನಲ್ಲಿ ಚಪ್ಪಾಳೆ ಗಿಟ್ಟಿಸಬಹುದು, ನಾನೂ ಗಿಟ್ಟಿಸಿದ್ದೇನೆ. ಆದರೆ ಅಜ್ಜಿ ಅದನ್ನು ಮಾಡಿದ್ದು ಇಲ್ಲದ್ದಕ್ಕೆ. ಮಾವ ಮೊದಲ ಸಲ ಮುಂಬೈಯಿಂದ ಬಣ್ಣಬಣ್ಣದ ಪಾಲಿಯೆಸ್ಟರ್ ರಗ್ಗು ತಂದುಕೊಟ್ಟಾಗ ಅಜ್ಜಿ ಕೌದಿಗಳನ್ನೆಲ್ಲ ದನದ ಕೊಟ್ಟಿಗೆಗೆ ಸಾಗಿಸಿ ಆ ರಗ್ಗು ಹೊದ್ದು ಮಲಗಿದ್ದಳು. ಸಾಯುವವರೆಗೂ ಅದನ್ನೇ ಹೊದ್ದಳು.

ಕಳೆದ ತಿಂಗಳು ಬೆಟಗೇರಿಗೆ ಹೋದಾಗ ಹೊಸ ಹಾಸು ಕೂಡಿಸುತ್ತಿದ್ದರು. ಹಳೆ ಹಾಸು ಮುಗಿದರೂ ಪೂರ್ತಿ ತೆಗೆಯುವುದಿಲ್ಲ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಮಗ್ಗದ ಬಾಚಣಿಗೆ, ಅಂದರೆ ಹಣಿಗೆಯಲ್ಲಿ ಮೊಳದುದ್ದ ಎಳೆ ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಒಂದೊಂದು ಎಳೆಗೆ ಸೇರಿಸಿ ಹೊಸೆಯಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಕಾಕಾ ಒಂದು ಕಡೆಯಿಂದ, ಕಾಕಿ ಇನ್ನೊಂದು ಕಡೆಯಿಂದ. ನಡುವೆ ಬಟ್ಟಲಲ್ಲಿ ಬೂದಿ. ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ಎಳೆ ಹಿಡಿದು, ಒಂದು ತಿರುವು, ಮಡಚಿ ಇನ್ನೊಂದು ತಿರುವು. ಬಿಟ್ಟರು, ಮುಂದಿನದು. ಗಂಟು ಇಲ್ಲ. ಎಳೆದರೆ ಬಿಚ್ಚುವುದಿಲ್ಲ. ನಾನೂ ಕೂತು ಪ್ರಯತ್ನ ಮಾಡಿದೆ. ಅರ್ಧ ಗಂಟೆಯಲ್ಲಿ ಒಂಬತ್ತು ಎಳೆ ಮಾಡಿದೆ, ಅದರಲ್ಲಿ ನಾಲ್ಕನ್ನು ಕಾಕಿ ಮಾತಾಡದೆ ಬಿಚ್ಚಿ ಮತ್ತೆ ಮಾಡಿದರು.

ಆರ್ಡರ್ ಇಲ್ಲದಿದ್ದರೆ ಆ ಮೊಳದುದ್ದ ಎಳೆಯನ್ನೂ ಬಿಚ್ಚಿ ತೆಗೆಯಬೇಕಾಗುತ್ತದೆ. ಬಿಟ್ಟರೆ ಇಲಿ ಕಡಿಯುತ್ತದೆ, ದೂಳು ಕೂರುತ್ತದೆ. ಬಿಚ್ಚಿದ ಮೇಲೆ ಮತ್ತೆ ಶುರು ಮಾಡಬೇಕೆಂದರೆ 2,760 ಎಳೆಯನ್ನೂ ಹಣಿಗೆಯ ಸಂದಿಯಲ್ಲಿ ಹೊಸದಾಗಿ ಪೋಣಿಸಬೇಕು. ಅದು ದಿನಗಟ್ಟಲೆ ಕೆಲಸ, ಅದಕ್ಕೆ ಕೂಲಿ ಯಾರೂ ಕೊಡುವುದಿಲ್ಲ.

ಮೊನ್ನೆ ಕಾಕಾ ಫೋನ್ ಮಾಡಿದಾಗ ನನ್ನ ಕಪಾಟಿನಲ್ಲಿ 41 ಶರ್ಟು ಮಾರಾಟವಾಗದೆ ಕೂತಿದ್ದವು. ಬ್ಯಾಂಕಿನಲ್ಲಿ ಎಷ್ಟಿತ್ತು ಅಂತ ಬರೆಯುವುದಿಲ್ಲ. ಕುಕ್ಕರ್ ಕೂಗುತ್ತಲೇ ಇತ್ತು. ನೂಲಿನವರಿಗೆ ಇವತ್ತೇ ಹಣ ಹಾಕುತ್ತೇನೆ, ನಾಡಿದ್ದು ಲಡಿ ತಲುಪುತ್ತದೆ, ಈ ಸಲ ಅರ್ಧ ನೀಲಿ ಇರಲಿ ಅಂದೆ.

"ಹಂಗಾರ ಎಳಿ ಬಿಚ್ಚೂದಿಲ್ಲ ಬಿಡ್ರಿ" ಅಂದರು ಕಾಕಾ.